ಉದ್ಯೋಗಾರ್ಥಿಯ ಪರಿಪ್ರಶ್ನೆ

ಉದ್ಯೋಗವನ್ನು ಅಪೇಕ್ಷಿಸಿ ಬಂದವರನ್ನು ಎದುರಿಗೆ ಕೂರಿಸಿ, ಮಾತನಾಡಿಸಿ, ಅವರ ಯೋಗ್ಯತೆಯನ್ನು ನಿಷ್ಕರ್ಷಿಸುವ ಪದ್ಧತಿಗೆ ಸಂದರ್ಶನವೆಂದು ಹೆಸರು. ಖಾಸಗಿ ಸಂಸ್ಥೆಗಳು ನಡೆಸುವ ಸಂದರ್ಶನಗಳಲ್ಲಿ, ಪರೀಕ್ಷಕರು ತಾವು ಕೇಳಬೇಕಾದುದೆಲ್ಲ ಮುಗಿದ ಮೇಲೆ "ನೀವು ನಮ್ಮನ್ನು ಏನಾದರೂ ಕೇಳುವುದಿದೆಯೆ?" ಎನ್ನುವುದು ಈಗ ವಾಡಿಕೆಯಾಗಿದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರುಗಳಿಂದ ದಾವಣಗೆರೆಗೋ ಬೆಂಗಳೂರಿಗೋ ಇಂಥ ಸಂದರ್ಶನಕ್ಕೆ ಹೋಗುವ ತರುಣ ತರುಣಿಯರಲ್ಲಿ ಅನೇಕರು ಈ ಮಾತಿಗೆ "ಏನೂ ಇಲ್ಲ, ಸರ್" ಎಂದು ಹೇಳಿ ಎದ್ದುಬರುತ್ತಾರೆ. ಅದುವರೆಗೆ ತಡವರಿಸದೆ ಉತ್ತರ ಹೇಳಿದವರು ಪ್ರಶ್ನೆಯ ಸರದಿ ತಮಗೆ ಬಂದೊಡನೆ ಮೂಕರಾಗುವುದೇಕೆ?

ಈ ಮೌನದ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಿರಿಯರೆದುರು ಮಾತು ಬೆಳೆಸಬಾರದೆಂಬುದು ನಮ್ಮ ಮನೆಗಳಲ್ಲಿ ಮೊದಲಿನಿಂದ ಬಂದ ಶಿಕ್ಷಣ. ಶಾಲೆಯಲ್ಲಿಯೂ ಕೇಳುವವರು ಉಪಾಧ್ಯಾಯರು, ಹೇಳುವವರು ಮಕ್ಕಳು ಎಂಬ ವಿಭಾಗವೇ ರೂಢಿಯಲ್ಲಿದೆ. ಮೇಲಾಗಿ, ಮಳೆಯನ್ನೇ ನಂಬಿದ ಹೊಲದ ಆದಾಯದಿಂದ ಮಗನನ್ನೋ ಮಗಳನ್ನೋ ಓದಿಸಿದ ಮನೆಯವರಿಗೆ ಕೆಲಸ ದೊರೆಯುವುದೇ ಒಂದು ಭಾಗ್ಯ. ಕೈಗೆ ಬಂದ ತುತ್ತನ್ನು ಒಂದು ಪ್ರಶ್ನೆಯಿಂದ ಕೆಡಿಸಿಕೊಳ್ಳಬಾರದೆಂಬ ಅಂಜಿಕೆ ಅವರಿಗೆ ಸಹಜವಾದುದು. ಆದುದರಿಂದ ವಿಚಾರ ಮಾಡತಕ್ಕ ವಿಷಯ ಇದು: ಚಾಕರಿಯನ್ನು ಅರಸಿ ಹೋದವನು ಅದನ್ನು ಕೊಡುವವನನ್ನು ಪ್ರಶ್ನಿಸುವುದು ಧರ್ಮವೋ, ಉದ್ಧಟತನವೋ? ಧರ್ಮವಾದರೆ, ಕೇಳತಕ್ಕದ್ದೇನು? ಕೇಳುವ ಬಗೆ ಹೇಗೆ?

ಪ್ರಶ್ನೆ ಮಾಡುವುದು ವಿನಯಕ್ಕೆ ವಿರುದ್ಧವೆಂಬ ಭಾವನೆಗೆ ನಮ್ಮ ಪ್ರಾಚೀನರ ಸಮ್ಮತಿಯಿಲ್ಲ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಜ್ಞಾನವನ್ನು ಪಡೆಯುವ ಮಾರ್ಗವಾಗಿ ಮೂರನ್ನು ಹೇಳಿದೆ: ಪ್ರಣಿಪಾತ, ಪರಿಪ್ರಶ್ನೆ, ಸೇವೆ. ನಮಸ್ಕಾರಕ್ಕೂ ಸೇವೆಗೂ ನಡುವೆ ಪ್ರಶ್ನೆಗೆ ಸ್ಥಾನವಿರುವುದನ್ನು ಗಮನಿಸಬೇಕು. ಕೇಳಿ ತಿಳಿಯದೆ ಸೇವೆಗೆ ತೊಡಗುವುದು ಆ ಕ್ರಮದಲ್ಲಿಯೇ ಇಲ್ಲ.

ಅದು ಗುರುಶಿಷ್ಯರ ವಿಷಯವಾಯಿತು, ಸ್ವಾಮಿಭೃತ್ಯರ ವಿಷಯ ಬೇರೆಯೆಂದು ಹೇಳಬಹುದು. ಆದರೆ ಸ್ವಾಮಿಭೃತ್ಯರ ವಿಷಯವನ್ನೇ ಪ್ರತಿಪಾದಿಸುವ ಶಾಸ್ತ್ರವೂ ನಮ್ಮಲ್ಲಿ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದಲೇ ಅಚ್ಚಾಯಿತು. ಅದರ ಮೊದಲನೆಯ ಅಧಿಕರಣದಲ್ಲಿ ರಾಜನು ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸುವ ಕ್ರಮವಿದೆ. ಇದನ್ನು ಬಲ್ಲವರು ಅನೇಕರು. ಆದರೆ ಐದನೆಯ ಅಧಿಕರಣದಲ್ಲಿ ಸೇವೆಗೆ ಸೇರುವವನ ನಡತೆಯನ್ನು ಹೇಳುವಾಗ, ಪರೀಕ್ಷೆಯ ಭಾರ ಅವನ ಮೇಲೂ ಬೀಳುತ್ತದೆ. ತಾನು ಆಶ್ರಯವನ್ನು ಹೇಗೆ ಬಯಸುತ್ತಿರುವನೋ ಹಾಗೆಯೇ ಆ ರಾಜನೂ ವಿನಯವನ್ನು ಬಯಸುವವನೇ ಎಂದು ಅವನು ನೋಡಿಕೊಳ್ಳಬೇಕು. ಐಶ್ವರ್ಯಹೀನನನ್ನಾದರೂ ಆಶ್ರಯಿಸಬಹುದು, ಆತ್ಮಗುಣವಿಲ್ಲದವನನ್ನು ಮಾತ್ರ ಆಶ್ರಯಿಸಕೂಡದು ಎಂಬುದು ಅಲ್ಲಿಯ ಅಭಿಪ್ರಾಯ. ರಾಜಾಧಿಕಾರವನ್ನು ಅಷ್ಟು ಎತ್ತಿಹಿಡಿದ ಗ್ರಂಥವೂ ಸೇವಕನ ಕಡೆಯ ಪರೀಕ್ಷೆಯನ್ನು ಅವಿನಯವೆಂದು ಎಣಿಸಲಿಲ್ಲ.

ಶಾಸ್ತ್ರವನ್ನು ಬಿಟ್ಟು ಲೋಕವ್ಯವಹಾರವನ್ನು ನೋಡಿದರೂ ಇದೇ ತೋರುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಯುಗಾದಿಯಿಂದ ಯುಗಾದಿಗೆ ಸಂಬಳಕ್ಕೆ ನಿಲ್ಲುತ್ತಿದ್ದ ಆಳು ಅಕ್ಷರ ಕಲಿತವನಲ್ಲ. ಆದರೂ ಅವನು ಗೌಡರ ಕಟ್ಟೆಯ ಮುಂದೆ ನಿಂತು, ವರ್ಷಕ್ಕೆ ಜೋಳವೆಷ್ಟು, ಕಂಬಳಿಯುಂಟೋ ಇಲ್ಲವೋ, ಮೆಟ್ಟಿನ ಜೋಡು ಎಷ್ಟು, ಹಬ್ಬಕ್ಕೆ ಊರಿಗೆ ಹೋಗಲು ಬಿಡುವೆಷ್ಟು ದಿನ ಎಂಬುದನ್ನು ಬಾಯಿಬಿಟ್ಟು ಕೇಳಿ, ಒಪ್ಪಿದ ಮೇಲೆ ನೊಗಕ್ಕೆ ಕೈ ಹಾಕುತ್ತಿದ್ದನು. ಅದೇ ಊರಿನಲ್ಲಿ ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದವನಿಗೆ ಈ ಮಾತುಗಳನ್ನು ಆಡುವ ಅವಕಾಶವಿರಲಿಲ್ಲ. 1976ರ ಕಾಯಿದೆಯು ಜೀತಪದ್ಧತಿಯನ್ನು ನಿಷೇಧಿಸಿತು. ದುಡಿಮೆ ಇಬ್ಬರದೂ ಒಂದೇ ಬಗೆಯದು. ಸಂಬಳದ ಆಳಿಗೆ ಕೇಳುವ ಬಾಯಿ ಇತ್ತು, ಜೀತದವನಿಗೆ ಇರಲಿಲ್ಲ. ಹೀಗಿರುವಲ್ಲಿ ಪದವಿಯನ್ನು ಪಡೆದ ತರುಣನು, ಕೇಳೆಂದು ಯಜಮಾನನೇ ಹೇಳಿದಾಗ, ಆಳು ಕೇಳುತ್ತಿದ್ದಷ್ಟನ್ನೂ ಕೇಳದೆ ಬರುವುದು ವಿದ್ಯೆಗೆ ಶೋಭಿಸತಕ್ಕದ್ದಲ್ಲ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಬೇಡುವವನಿಗೆ ಆಯ್ಕೆಯೆಲ್ಲಿ? ದಾನದ ಹಸುವಿನ ಹಲ್ಲನ್ನು ಎಣಿಸುವುದುಂಟೆ? ಎಂದು ಕೇಳಬಹುದು. ಇದಕ್ಕೆ ಸಮಾಧಾನವೇನೆಂದರೆ, ಉದ್ಯೋಗವು ದಾನವಲ್ಲ. ಕೊಡುವವನು ಸಂಬಳವನ್ನು ಕೊಡುತ್ತಾನೆ. ತೆಗೆದುಕೊಳ್ಳುವವನು ತನ್ನ ಆಯುಸ್ಸಿನ ಹಗಲುಗಳನ್ನು ಕೊಡುತ್ತಾನೆ. ಕೊಟ್ಟ ಸಂಬಳವನ್ನು ಯಜಮಾನನು ಮತ್ತೆ ಸಂಪಾದಿಸಬಹುದು. ಕಳೆದ ಹಗಲುಗಳನ್ನು ಸೇವಕನು ಮತ್ತೆ ಪಡೆಯಲಾರನು. ಹೆಚ್ಚು ಬೆಲೆಯುಳ್ಳುದನ್ನು ಕೊಡುವವನಿಗೆ ವಿಚಾರಿಸುವ ಅಧಿಕಾರ ಕಡಿಮೆಯೆಂಬುದು ಯಾವ ನ್ಯಾಯ?

ಇದನ್ನು ಆಚರಿಸಿ ತೋರಿಸಿದವರ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಮುಂಬಯಿ ಪ್ರಾಂತದ ಸೇವೆಯನ್ನು ಬಿಟ್ಟು, ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹದ ಪರಿಹಾರಕ್ಕಾಗಿ ಕೆಲಸ ಮಾಡುತ್ತಿದ್ದ ಎಂ. ವಿಶ್ವೇಶ್ವರಯ್ಯನವರಿಗೆ, ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಪದವಿಗೆ ಬರಬೇಕೆಂದು ಕರೆ ಹೋಯಿತು. ಅವರು ಒಡನೆಯೇ ಒಪ್ಪಲಿಲ್ಲ. ಆ ಪದವಿಯಲ್ಲಿದ್ದುಕೊಂಡು ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಗಳನ್ನು ಬೆಳೆಸಲು ತಮಗೆ ಅವಕಾಶ ದೊರೆಯುವುದೇ ಎಂದು ವಿಚಾರಿಸಿದರು. ತೃಪ್ತಿಕರವಾದ ಉತ್ತರ ಬಂದ ಮೇಲೆ, 1909ರ ನವೆಂಬರಿನಲ್ಲಿ ಅಧಿಕಾರವನ್ನು ವಹಿಸಿದರು. ಆ ಪ್ರಶ್ನೆಯಲ್ಲಿ ಸಂಬಳದ ಚೌಕಾಸಿಯಿಲ್ಲ, ತಮ್ಮ ಪಾಂಡಿತ್ಯದ ಪ್ರದರ್ಶನವೂ ಇಲ್ಲ. ತಾವು ಮಾಡಬೇಕೆಂದಿರುವ ಕೆಲಸಕ್ಕೆ ಆ ಸ್ಥಳವು ತಕ್ಕುದೋ ಅಲ್ಲವೋ ಎಂಬುದಷ್ಟೇ ಅವರಿಗೆ ಬೇಕಾಗಿದ್ದುದು.

"ಅವರು ಪ್ರಸಿದ್ಧರು, ಒಲ್ಲೆನೆಂದರೂ ನಡೆಯುತ್ತಿತ್ತು. ಮನೆಯಲ್ಲಿ ಸಾಲವಿರುವವನು ಏನು ಮಾಡಬೇಕು?" ಎಂಬ ಎರಡನೆಯ ಶಂಕೆ ಮೊದಲನೆಯದಕ್ಕಿಂತ ಬಲವಾದುದು. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವನಿಗೆ ಪ್ರಶ್ನೆಯಿಂದ ಪ್ರಯೋಜನವೇನೆಂಬುದು ಇದರ ತಾತ್ಪರ್ಯ. ಇದನ್ನು ಹಗುರಾಗಿ ತಳ್ಳಿಹಾಕಲಾಗದು.

ಮಹಾಭಾರತದ ದ್ರೋಣಾಚಾರ್ಯನು ಇಂಥ ಉದ್ಯೋಗಾರ್ಥಿಯೇ. ಮಗನಿಗೆ ಹಾಲು ದೊರಕಿಸಲಾರದಷ್ಟು ಬಡತನ, ಹಳೆಯ ಗೆಳೆಯನಿಂದ ಅವಮಾನ, ಕೈಯಲ್ಲಿದ್ದುದು ವಿದ್ಯೆಯೊಂದೇ. ಹಸ್ತಿನಾವತಿಗೆ ಬಂದನು, ಭೀಷ್ಮನು ಆದರಿಸಿದನು, ಮನೆ, ಧನ, ಶಿಷ್ಯರು ಎಲ್ಲವೂ ದೊರೆತವು. ಶಲ್ಯನ ಕಥೆ ಇನ್ನೊಂದು ಬಗೆಯದು. ಅವನು ಸೇನೆಯೊಡನೆ ಪಾಂಡವರ ಕಡೆಗೆ ಹೊರಟಿದ್ದನು. ದಾರಿಯಲ್ಲಿ ಬಿಡಾರಗಳು ಸಿದ್ಧವಾಗಿದ್ದವು, ಉಪಚಾರ ಸೊಗಸಾಗಿತ್ತು. ಅದೆಲ್ಲ ಯುಧಿಷ್ಠಿರನದೆಂದು ಅವನು ತಾನೇ ಭಾವಿಸಿಕೊಂಡು ಸುಖಿಸಿದನು. ಅದು ದುರ್ಯೋಧನನ ಏರ್ಪಾಡೆಂದು ತಿಳಿಯುವ ವೇಳೆಗೆ ಸತ್ಕಾರದ ಋಣ ಮೈಮೇಲೆ ಬಂದಿತ್ತು. ಬೇಕಾದುದನ್ನು ಕೇಳೆಂದನು, ಕೌರವಸೇನೆಯಲ್ಲಿ ನಿಲ್ಲಬೇಕಾಯಿತು. ಈ ಪ್ರಸಂಗ ಬರುವುದು ಉದ್ಯೋಗಪರ್ವದಲ್ಲಿಯೇ. ಮುಂದೆ ಯುದ್ಧದ ಮುಂಜಾನೆ ಧರ್ಮರಾಯನು ನಮಸ್ಕರಿಸಲು ಬಂದಾಗ, ಭೀಷ್ಮ, ದ್ರೋಣ, ಕೃಪ, ಶಲ್ಯ ಈ ನಾಲ್ವರೂ, ತಾವು ಕೌರವರ ಅರ್ಥದಿಂದ ಕಟ್ಟುವಡೆದವರೆಂದು ಒಪ್ಪಿಕೊಳ್ಳುತ್ತಾರೆ. ನ್ಯಾಯವು ಯಾವ ಕಡೆಗಿದೆಯೆಂಬುದು ಅವರಿಗೆ ಗೊತ್ತಿತ್ತು. ಆದರೆ ಅನ್ನವು ಇನ್ನೊಂದು ಕಡೆಯದಾಗಿತ್ತು.

ದ್ರೋಣನು ಮೊದಲ ದಿನವೇ ವಿಚಾರಿಸಿದ್ದರೆ ಹಸ್ತಿನಾವತಿಯನ್ನು ಬಿಟ್ಟುಹೋಗುತ್ತಿದ್ದನೆಂದು ಹೇಳಲಾಗದು. ಹಸಿವು ಅವನನ್ನು ಅಲ್ಲಿಯೇ ನಿಲ್ಲಿಸಬಹುದಾಗಿತ್ತು. ಆದರೆ ತಿಳಿದು ನಿಲ್ಲುವುದಕ್ಕೂ ತಿಳಿಯದೆ ನಿಲ್ಲುವುದಕ್ಕೂ ಭೇದವಿದೆ. ತಿಳಿದು ನಿಂತವನು ತನ್ನ ಎಲ್ಲೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ. ಎಲ್ಲಿಯವರೆಗೆ ಸೇವೆ, ಎಲ್ಲಿಂದಾಚೆಗೆ ಇಲ್ಲ ಎಂಬುದು ಅವನ ಮನಸ್ಸಿನಲ್ಲಿ ಬರೆದಿರುತ್ತದೆ. ತಿಳಿಯದೆ ನಿಂತವನಿಗೆ ಆ ಎಲ್ಲೆ ಕಾಣುವುದು, ಅದನ್ನು ದಾಟಿ ಬಹುದೂರ ಹೋದ ಮೇಲೆ. ಆದುದರಿಂದ ಪ್ರಶ್ನೆಯ ಪ್ರಯೋಜನ ಬೇಡವೆನ್ನುವುದಕ್ಕೆ ಮಾತ್ರವಲ್ಲ. ಬೇಡವೆನ್ನಲಾರದ ಬಡವನಿಗೇ ಅದು ಹೆಚ್ಚು ಅವಶ್ಯ. ಸಿರಿವಂತನ ಮಗನು ಮೋಸಹೋದರೆ ಮರುದಿನ ಮನೆಗೆ ಬರುತ್ತಾನೆ. ಸಾಲಗಾರನ ಮಗನು ಮೋಸಹೋದರೆ ಅಲ್ಲಿಯೇ ಇರಬೇಕಾಗುತ್ತದೆ.

ಈ ಮಾತು ಪುರಾಣಕ್ಕೆ ಸೇರಿದುದೆಂದು ತಿಳಿಯಬೇಕಾಗಿಲ್ಲ. ಒಬ್ಬ ಪದವೀಧರೆಯು ಪಟ್ಟಣದ ಯಾವುದೋ ಖಾಸಗಿ ಶಾಲೆಯಲ್ಲಿ ಅಧ್ಯಾಪಿಕೆಯಾಗಿ ಸೇರಿದಳೆಂದು ಭಾವಿಸೋಣ. ಸಂಬಳದ ಪುಸ್ತಕದಲ್ಲಿ ಒಂದು ಮೊತ್ತಕ್ಕೆ ರುಜು, ಕೈಗೆ ಬರುವುದು ಅದರ ಅರ್ಧ. ಮೂಲ ಅಂಕಪಟ್ಟಿಗಳು ಆಡಳಿತದವರ ಕಪಾಟಿನಲ್ಲಿ. ಇಂಥ ವ್ಯವಹಾರಗಳು ಲೋಕದಲ್ಲಿ ಇಲ್ಲದಿಲ್ಲ. ಅವಳು ಮೊದಲ ತಿಂಗಳು ರುಜು ಹಾಕುವಾಗ ಕೈ ನಡುಗುತ್ತದೆ. ಆರನೆಯ ತಿಂಗಳಿಗೆ ನಡುಗುವುದಿಲ್ಲ. ಸತ್ಯವನ್ನೇ ಹೇಳಬೇಕೆಂದು ಮಕ್ಕಳಿಗೆ ಪಾಠ ಹೇಳಿ ಬಂದ ಕೈಯೇ ಸುಳ್ಳು ಲೆಕ್ಕಕ್ಕೆ ರುಜು ಹಾಕುತ್ತದೆ. ಅನ್ಯಾಯ ಮಾಡಿದವರು ಅವರೇ ಆದರೂ, ಅದರಲ್ಲಿ ಅವಳನ್ನು ಪಾಲುಗಾರಳನ್ನಾಗಿ ಮಾಡಿಕೊಂಡರು. "ಪುಸ್ತಕದಲ್ಲಿ ಬರೆಯುವ ಸಂಬಳವೂ ಕೈಗೆ ಬರುವ ಸಂಬಳವೂ ಒಂದೇ ತಾನೆ? ಮೂಲಪತ್ರಗಳನ್ನು ನೋಡಿ ಹಿಂದಿರುಗಿಸುವಿರಷ್ಟೆ?" ಎಂದು ಮೊದಲ ದಿನ ಮೆಲ್ಲನೆ ಕೇಳಿದ್ದರೆ, ಕೆಲಸ ತಪ್ಪುತ್ತಿತ್ತೋ ಏನೋ, ಆದರೆ ಸುಳ್ಳಿಗೆ ರುಜು ಹಾಕುವ ಪ್ರಸಂಗವು ಕಣ್ಣಿಗೆ ಕಂಡು ಬರುತ್ತಿತ್ತು, ಕತ್ತಲಲ್ಲಿ ಬರುತ್ತಿರಲಿಲ್ಲ.

ಕರಾರಿನ ವಿಷಯದಲ್ಲಿ ನ್ಯಾಯಾಲಯವೂ ಪಾಠ ಕಲಿಸಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಕನಿಷ್ಠ 3 ವರ್ಷ ಸೇವೆ ಮಾಡುವುದಾಗಿ, ತಪ್ಪಿದರೆ 2 ಲಕ್ಷ ರೂಪಾಯಿ ಕೊಡುವುದಾಗಿ ಬರೆದುಕೊಟ್ಟು 2007ರಲ್ಲಿ ಸೇರಿ, ಅವಧಿಗೆ ಮೊದಲೇ ಬಿಟ್ಟರು. ಹಣವನ್ನು ಕಟ್ಟಿ, ಆ ಕರಾರು ನ್ಯಾಯವಲ್ಲವೆಂದು ವ್ಯಾಜ್ಯ ಹೂಡಿದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಅವರ ಕಡೆ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿ ಕರಾರನ್ನು ಎತ್ತಿಹಿಡಿಯಿತು. ಅಷ್ಟರೊಳಗೆ ಆ ಬ್ಯಾಂಕೇ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿತ್ತು. ತೀರ್ಪಿನ ಗುಣಾವಗುಣಗಳು ಹೇಗೆಯೇ ಇರಲಿ, ಒಂದು ಸಂಗತಿ ಸ್ಪಷ್ಟ: ರುಜುವಿಗೆ ಮೊದಲು ಕರಾರನ್ನು ಓದಿ ವಿಚಾರಿಸಲು ಒಂದು ಗಳಿಗೆ ಸಾಕು, ರುಜುವಾದ ಮೇಲೆ ಪ್ರಶ್ನಿಸಲು ವರ್ಷಗಳು ಹಿಡಿಯುತ್ತವೆ.

ಹಾಗಾದರೆ ಎಂಥ ಪ್ರಶ್ನೆ ಸತ್ಪ್ರಶ್ನೆ? ಸಂದರ್ಶನದಲ್ಲಿ ಕೇಳತಕ್ಕ ಪ್ರಶ್ನೆಗಳನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸುವವರು ಈಗ ಹೆಚ್ಚಿದ್ದಾರೆ. ಪರೀಕ್ಷಕರು ಮೆಚ್ಚಲೆಂದು ಕಲಿತ ಪ್ರಶ್ನೆ ಪ್ರಶ್ನೆಯಲ್ಲ, ಪ್ರಶ್ನೆಯ ವೇಷ ಹಾಕಿದ ಸ್ತುತಿ. ಇದಕ್ಕೆ ಒರೆಗಲ್ಲು ಒಂದೇ: ಬರುವ ಉತ್ತರದಿಂದ ಕೇಳಿದವನ ನಡೆಯಲ್ಲಿ ಏನಾದರೂ ಬದಲಾಗುವುದೆ? ಒಪ್ಪುವುದೋ ಬಿಡುವುದೋ ಬದಲಾಗಬಹುದು; ಒಪ್ಪುವ ನಿಬಂಧನೆ ಬದಲಾಗಬಹುದು; ಅಥವಾ ಒಪ್ಪಿದ ಮೇಲೆ ಮಾಡಿಕೊಳ್ಳುವ ಸಿದ್ಧತೆ ಬದಲಾಗಬಹುದು. ಯಾವುದೂ ಬದಲಾಗದಿದ್ದರೆ ಆ ಪ್ರಶ್ನೆಯನ್ನು ಕೇಳದಿರುವುದೇ ಲೇಸು.

ಈ ಒರೆಗಲ್ಲಿಗೆ ನಿಲ್ಲುವ ಪ್ರಶ್ನೆಗಳು ಬಹಳವಿಲ್ಲ. ಕೆಲಸವನ್ನು ಕುರಿತದ್ದು ಮೊದಲನೆಯದು: ಒಂದು ವರ್ಷ ಕಳೆದ ಮೇಲೆ ಏನಾಗಿದ್ದರೆ ಕೆಲಸ ಚೆನ್ನಾಗಿ ನಡೆಯಿತೆಂದು ಎಣಿಸುವಿರಿ, ಎಣಿಸುವವರು ಯಾರು? ಇದಕ್ಕೆ ಉತ್ತರವಿಲ್ಲದ ಕಡೆ, ದುಡಿದವನಿಗೆ ತಾನು ದುಡಿದೆನೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ಎರಡನೆಯದು ಸ್ಥಳವನ್ನು ಕುರಿತದ್ದು: ಈ ಹುದ್ದೆಯಲ್ಲಿ ಹಿಂದೆ ಯಾರಿದ್ದರು, ಅವರು ಎಲ್ಲಿಗೆ ಹೋದರು? ಬಾವಿಗೆ ಇಳಿಯುವವನು ಹಿಂದೆ ಇಳಿದವನು ಮೇಲಕ್ಕೆ ಬಂದನೇ ಎಂದು ಕೇಳುವುದು ತಪ್ಪಲ್ಲ. ಮೂರನೆಯದು ಭಿನ್ನಾಭಿಪ್ರಾಯವನ್ನು ಕುರಿತದ್ದು: ಕೆಳಗಿನವನಿಗೆ ತಪ್ಪೊಂದು ಕಣ್ಣಿಗೆ ಬಿದ್ದರೆ ಅದನ್ನು ಯಾರಿಗೆ ಹೇಳಬೇಕು, ಹೇಳಿದ ಮೇಲೆ ಇಲ್ಲಿ ಏನು ನಡೆಯುತ್ತದೆ? ನಾಲ್ಕನೆಯದು ನಿಬಂಧನೆಗಳನ್ನು ಕುರಿತದ್ದು: ಸಂಬಳ, ರಜೆ, ಕರಾರು, ಮೂಲಪತ್ರಗಳು. ಹೆಣ್ಣುಮಕ್ಕಳಾದರೆ ಇನ್ನೊಂದನ್ನೂ ಕೇಳತಕ್ಕದ್ದು. 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕೆಲಸದ ಸ್ಥಳಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿಯಿರಬೇಕೆಂದು 2013ರ ಕಾಯಿದೆ ವಿಧಿಸುತ್ತದೆ; ಅದು ಇದೆಯೇ, ಅದರಲ್ಲಿರುವವರು ಯಾರು? ಇದನ್ನು ಕೇಳಲು ನಾಚಬೇಕಾದವರು ಕೇಳುವವರಲ್ಲ. ಕೊನೆಯದು ತನ್ನನ್ನು ಕುರಿತದ್ದು: ತನ್ನಲ್ಲಿ ಯಾವ ಕೊರತೆ ಕಂಡಿತು, ಏನನ್ನು ಕಲಿತು ಬರಬೇಕು? ಕೆಲಸ ದೊರೆಯದಿದ್ದರೂ ಈ ಒಂದು ಉತ್ತರ ಕೈಯಲ್ಲಿ ಉಳಿಯುತ್ತದೆ.

ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಬೇಕೆಂದು ಅಭಿಪ್ರಾಯವಲ್ಲ. ತನಗೆ ಅತ್ಯಂತ ಅವಶ್ಯವಾದ ಎರಡೋ ಮೂರೋ ಸಾಕು. ಕೇಳುವ ಧ್ವನಿ ಮನೆಯ ಹಿರಿಯರನ್ನು ವಿಚಾರಿಸುವ ಧ್ವನಿಯಾಗಿರಬೇಕು, ಪಾಟೀಸವಾಲಿನ ಧ್ವನಿಯಾಗಿರಬಾರದು. ಪ್ರಣಿಪಾತವಿಲ್ಲದ ಪರಿಪ್ರಶ್ನೆ ಜಗಳಕ್ಕೆ ಇಳಿಯುತ್ತದೆ. ಇನ್ನು, "ಇಲ್ಲಿ ಸುಳ್ಳು ಹೇಳಬೇಕಾಗುವುದೆ?" ಎಂಬಂಥ ಪ್ರಶ್ನೆಗೆ ಯಾರೂ ಹೌದೆನ್ನಲಾರರು. ಅಂಥದನ್ನು ಉತ್ತರದ ಮಾತಿನಲ್ಲಲ್ಲ, ಉತ್ತರ ಹೇಳುವ ರೀತಿಯಲ್ಲಿ ಕಾಣಬೇಕು. ಪ್ರಸನ್ನನಾದ ಸ್ವಾಮಿಯ ಲಕ್ಷಣಗಳನ್ನು ಹೇಳುವಲ್ಲಿ ಕೌಟಿಲ್ಯನು, ಆಸನ ಕೊಡುವುದನ್ನೂ ಹೇಳಿದ ಮಾತನ್ನು ಗ್ರಹಿಸುವುದನ್ನೂ ಎಣಿಸಿದ್ದಾನೆ. ಹಿಂದಿನವರು ಏಕೆ ಬಿಟ್ಟರೆಂದು ಕೇಳಿದಾಗ ಪರೀಕ್ಷಕರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರೆ, ಉತ್ತರ ಬಂದಂತೆಯೇ ಆಯಿತು.

ಈ ವಿಷಯದಲ್ಲಿ ಪರೀಕ್ಷಕರ ಧರ್ಮವೂ ಒಂದುಂಟು. ಕೇಳೆಂದು ಹೇಳಿ, ಕೇಳಿದವನನ್ನು ಅಧಿಕಪ್ರಸಂಗಿಯೆಂದು ಗುರುತುಹಾಕುವುದು ಬಲೆ ಹರಡಿ ಕಾಳು ಚೆಲ್ಲಿದಂತೆ. ಸಂಸ್ಥೆಯಲ್ಲಿರುವ ಕಷ್ಟವನ್ನು ಮೊದಲೇ ಹೇಳಿದ ಯಜಮಾನನಿಗೆ, ಕಷ್ಟವನ್ನು ತಿಳಿದು ಬಂದ ಸೇವಕನು ದೊರೆಯುತ್ತಾನೆ. ಮರೆಮಾಚಿದವನಿಗೆ ಮೋಸಹೋದೆನೆಂದುಕೊಳ್ಳುವ ಸೇವಕನು ದೊರೆಯುತ್ತಾನೆ. ಎರಡರಲ್ಲಿ ಯಾವುದು ಲಾಭವೆಂಬುದನ್ನು ವ್ಯಾಪಾರಬುದ್ಧಿಯಿಂದಲೇ ನಿರ್ಣಯಿಸಬಹುದು.

ಸರ್ಕಾರಿ ಕೆಲಸಗಳ ವಿಷಯದಲ್ಲಿ ಈ ಅವಕಾಶ ಕಡಿಮೆ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗ್ರೂಪ್ ಸಿ, ಗ್ರೂಪ್ ಡಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸಿಗೂ ಲಂಚಕ್ಕೂ ಬಾಗಿಲು ಮುಚ್ಚಿದುದು ಒಳ್ಳೆಯದೇ. ಆದರೆ ಕೇಳುವ ಬಾಗಿಲೂ ಅದರೊಡನೆ ಮುಚ್ಚಿದುದರಿಂದ, ಅಲ್ಲಿಗೆ ಸೇರುವವರು ಅಧಿಸೂಚನೆಯನ್ನು ಸಂಪೂರ್ಣವಾಗಿ ಓದಿ, ಆ ಇಲಾಖೆಯಲ್ಲಿ ಈಗಾಗಲೇ ಇರುವ ಊರಿನವರನ್ನೋ ಬಂಧುಗಳನ್ನೋ ವಿಚಾರಿಸಬೇಕು. ಕೇಳುವ ಸ್ಥಳ ಬದಲಾಯಿತೇ ಹೊರತು ಕೇಳುವ ಕರ್ತವ್ಯ ತಪ್ಪಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಹೊಣೆ ಮನೆಯ ಹಿರಿಯರದು. ಮಗಳಿಗೆ ಗಂಡು ನೋಡುವಾಗ ಮನೆತನ, ನಡತೆ, ಸಾಲಸೋಲಗಳನ್ನೆಲ್ಲ ನಾಲ್ಕು ಕಡೆ ವಿಚಾರಿಸುವ ತಂದೆತಾಯಿಗಳು, ಅದೇ ಮಗಳು ಸಂದರ್ಶನಕ್ಕೆ ಹೊರಟಾಗ "ಅಲ್ಲಿ ಹೋಗಿ ಏನೇನೋ ಕೇಳಬೇಡವ್ವಾ, ಸುಮ್ಮನೆ ಹೂಂ ಅಂದು ಬಾ" ಎಂದು ಕಳುಹಿಸುತ್ತಾರೆ. ಆ ಮಾತನ್ನು ಆಡಿಸುವುದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ಪ್ರೀತಿ ಅವಳ ಸಂಬಳವನ್ನು ಮಾತ್ರ ಎಣಿಸುತ್ತದೆ. ಅವಳು ಅಲ್ಲಿ ಎಂಥವಳಾಗಿ ಬಾಳಬೇಕಾಗುವುದೆಂಬುದನ್ನು ಎಣಿಸುವುದಿಲ್ಲ. "ಒಳ್ಳೆಯ ಮಾತಿನಲ್ಲಿ ಕೇಳಿ ತಿಳಿದುಕೊಂಡು ಬಾ, ಕೆಲಸ ಸಿಕ್ಕದಿದ್ದರೆ ಮನೆಯೇನೂ ಮುಳುಗುವುದಿಲ್ಲ" ಎಂಬ ಒಂದು ಮಾತು ಮನೆಯಿಂದ ದೊರೆತರೆ, ಸಂದರ್ಶನದ ಕೋಣೆಯಲ್ಲಿ ಅವಳಿಗೆ ಬಾಯಿ ಬರುತ್ತದೆ. ಮನೆ ನಿಜವಾಗಿಯೂ ಮುಳುಗುವ ಸ್ಥಿತಿಯಲ್ಲಿದ್ದರೆ, ಆಗಲೂ ಕೇಳಿ ತಿಳಿದು, ತಿಳಿದುದನ್ನು ಮನೆಯವರೊಡನೆ ಹಂಚಿಕೊಂಡು, ಎಲ್ಲರೂ ಸೇರಿ ಒಪ್ಪಿದ ಚಾಕರಿಯ ಭಾರವನ್ನು ಅವಳೊಬ್ಬಳೇ ಹೊರಬೇಕಾಗುವುದಿಲ್ಲ.

ಒಪ್ಪಿಗೆಯೆಂಬುದು ತಿಳಿವಿನ ಮೇಲೆ ನಿಂತಾಗ ಮಾತ್ರ ಒಪ್ಪಿಗೆ. ವಿಚಾರಿಸದೆ ತಲೆಯಾಡಿಸಿದವನು ಕೆಲಸಕ್ಕೆ ಒಪ್ಪಿದನೆಂದು ಹೇಳುವುದಕ್ಕಿಂತ, ಕೆಲಸವು ಅವನನ್ನು ತೆಗೆದುಕೊಂಡಿತೆಂದು ಹೇಳುವುದೇ ಸರಿ. ಮರುದಿನದಿಂದ ಅವನು ಆಜ್ಞೆಗಳನ್ನು ಕೇಳಬೇಕಾದವನು. ಇಬ್ಬರೂ ಸಮನಾಗಿ ಕುಳಿತು ಮಾತನಾಡುವ ಗಳಿಗೆ ಸಂದರ್ಶನದ ಕೊನೆಯ ಆ ಒಂದು ಗಳಿಗೆ ಮಾತ್ರ. ಅದನ್ನು "ಏನೂ ಇಲ್ಲ, ಸರ್" ಎಂಬ ಮಾತಿಗೆ ಒಪ್ಪಿಸಿ ಬರದಿರುವುದು, ಓದಿದವರು ತಮ್ಮ ಓದಿಗೂ ತಮ್ಮನ್ನು ಓದಿಸಿದವರಿಗೂ ಸಲ್ಲಿಸತಕ್ಕ ಋಣ.